ತೇಜಸ್‌ಗೆ ಇಷ್ಟು ವರ್ಷ ಯಾಕೆ ಬೇಕಾಯಿತು? ಸುರಂಜನ್ ದಾಸ್ ರಸ್ತೆಯಿಂದ ಒಂದು ಪ್ರಶ್ನೆ

ರೆಕ್ಕೆಪುಕ್ಕ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಎರಡು ವರ್ಷ ಆಯಿತು. ಮನೆ ಮುರುಗೇಶಪಾಳ್ಯದಲ್ಲಿದೆ. ಬೆಳಗ್ಗೆ ಬಟ್ಟೆ ಒಣಗಿಸಲು ಮಹಡಿಗೆ ಹೋದಾಗ ಎಚ್‌ಎಎಲ್ ರನ್‌ವೇ ಕಡೆಯಿಂದ ಒಂದು ಸದ್ದು ಏಳುತ್ತದೆ. ಮೊದಲು ಎದೆಗೆ ತಾಕುತ್ತದೆ, ಆಮೇಲೆ ಕಿವಿಗೆ. ನೀರಿನ ಟ್ಯಾಂಕಿನ ಮುಚ್ಚಳ ಗಡಗಡ ಅನ್ನುತ್ತದೆ. ಅಷ್ಟರಲ್ಲಿ ಒಂದು ಪುಟ್ಟ ತ್ರಿಕೋನ ತೆಂಗಿನ ಮರಗಳ ಮೇಲಿಂದ ಎದ್ದು ಮೋಡದೊಳಗೆ ಹೋಗಿಬಿಡುತ್ತದೆ. ಅದು ತೇಜಸ್, ನಮ್ಮ ದೇಶದಲ್ಲೇ ಮಾಡಿದ ಯುದ್ಧ ವಿಮಾನ ಅಂತ ಮನೆ ಮಾಲೀಕರು ಹೇಳಿದರು.

ಆಫೀಸಿನಲ್ಲಿ ಈ ವಿಮಾನದ ಮಾತು ಬಂದರೆ ಸಾಕು, ಎರಡು ಗುಂಪು ಆಗುತ್ತದೆ. ಒಬ್ಬರು ಜಗತ್ತಿನಲ್ಲೇ ಇಂಥದ್ದು ಇಲ್ಲ ಅನ್ನುತ್ತಾರೆ. ಇನ್ನೊಬ್ಬರು ನಲವತ್ತು ವರ್ಷ ತಗೊಂಡು ಮಾಡಿದ್ದು ಇಷ್ಟೇನಾ ಅನ್ನುತ್ತಾರೆ. ಇಬ್ಬರ ಹತ್ತಿರವೂ ವಿವರ ಇಲ್ಲ. ನನಗೆ ಎರಡು ವಿಷಯ ಗೊತ್ತಾಗಬೇಕು. ಇಷ್ಟು ವರ್ಷ ಯಾಕೆ ಬೇಕಾಯಿತು? ಇವತ್ತು ಅದು ನಿಜವಾಗಿ ಏನೇನು ಮಾಡಬಲ್ಲದು? ಬೈಗುಳ ಬೇಡ, ಜಯಕಾರವೂ ಬೇಡ. ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಮಲೆನಾಡಮಳೆ

ಎರಡನೇ ಗುಂಪಿನಲ್ಲಿ ನನ್ನನ್ನೂ ಸೇರಿಸಿಕೊಳ್ಳಿ. ಆದರೆ ವಿವರ ಇಟ್ಟುಕೊಂಡೇ ಮಾತಾಡುತ್ತೇನೆ.

ತೇಜಸ್ ಹುಟ್ಟಿದ್ದು ಲಘು ಯುದ್ಧ ವಿಮಾನ, ಅಂದರೆ ಎಲ್‌ಸಿಎ ಅನ್ನುವ ಯೋಜನೆಯಿಂದ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಅದಕ್ಕಾಗಿಯೇ ಮರುವರ್ಷ ಬೆಂಗಳೂರಿನಲ್ಲಿ ಎಡಿಎ ಅನ್ನುವ ಸಂಸ್ಥೆ ಶುರುವಾಯಿತು. ಮೊದಲ ಹಾರಾಟ 2001ರಲ್ಲಿ. ಮೊದಲ ಸ್ಕ್ವಾಡ್ರನ್, ಅಂದರೆ ವಾಯುಪಡೆಯ ವಿಮಾನಗಳ ಒಂದು ತಂಡ, 2016ರಲ್ಲಿ. ಪೂರ್ತಿ ಯುದ್ಧಕ್ಕೆ ಸಿದ್ಧ ಅನ್ನುವ ಎಫ್‌ಒಸಿ ಪತ್ರ ಬಂದಿದ್ದು 2019ರ ಫೆಬ್ರವರಿಯಲ್ಲಿ. ಯೋಜನೆ ಶುರುವಾದಾಗ ಹುಟ್ಟಿದ ಮಗು ಅಷ್ಟರಲ್ಲಿ ಮೂವತ್ತೈದು ದಾಟಿತ್ತು.

ಈ ವಿಮಾನ ಯಾತಕ್ಕೆ ಬೇಕಾಗಿತ್ತು? ಮಿಗ್-21 ಜಾಗ ತುಂಬುವುದಕ್ಕೆ. ಆ ಮಿಗ್-21 ಕೊನೆಗೆ ಸೇವೆ ಮುಗಿಸಿದ್ದು 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ. 1963ರಲ್ಲಿ ಬಂದ ವಿಮಾನ ಅದು. 62 ವರ್ಷ ದುಡಿಯಿತು. ಬದಲಿ ಬರುವುದು ತಡವಾಯಿತು ಅಂತಲೇ ಹಳೇ ವಿಮಾನದಲ್ಲಿ ಹುಡುಗರು ಹಾರುತ್ತಾ ಇದ್ದರು. ಎಷ್ಟು ಮನೆಯವರು ಮಕ್ಕಳನ್ನು ಕಳೆದುಕೊಂಡರು ಅಂತ ಯೋಚನೆ ಮಾಡಿ. ವಾಯುಪಡೆಗೆ 42 ಸ್ಕ್ವಾಡ್ರನ್ ಇರಬೇಕು ಅಂತ ಲೆಕ್ಕ. ಮಿಗ್-21 ಹೋದ ಮೇಲೆ ಉಳಿದದ್ದು 29. ತಡವಾಗಿದ್ದು ನನಗೆ ಬರೀ ಕ್ಯಾಲೆಂಡರಿನ ವಿಷಯ ಅಲ್ಲ.

ವಿಮಾನಪುರದಹಿರಿಯ

ಮಲೆನಾಡಮಳೆ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಈ ಕೆಲಸದಲ್ಲಿ ಇದ್ದವನು. ಈಗ ನಿವೃತ್ತ. ದೊಡ್ಡ ಹುದ್ದೆ ಏನಲ್ಲ, ಕೈಯಿಂದ ಮಾಡುವ ಕೆಲಸ. ನನ್ನ ಕಣ್ಣಿಗೆ ಕಂಡಿದ್ದನ್ನು ಹೇಳುತ್ತೇನೆ.

2001ರ ಜನವರಿ 4. ಆಗ ಊರಿನ ವಿಮಾನ ನಿಲ್ದಾಣವೂ ಅದೇ ಎಚ್‌ಎಎಲ್ ರನ್‌ವೇ. ದೇವನಹಳ್ಳಿ ಬಂದಿದ್ದು 2008ರಲ್ಲಿ. ಟಿಡಿ-1 ಅನ್ನುವ ಮೊದಲ ವಿಮಾನ ರನ್‌ವೇ ತುದಿಗೆ ಹೋಗಿ ನಿಂತಿತು. ಒಳಗೆ ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್. ನಮ್ಮ ಕಟ್ಟಡದ ತಾರಸಿ ಮೇಲೆ ಜನ ತುಂಬಿಹೋಗಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಫಿಟ್ಟರ್ ಒಬ್ಬರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು, ಗುಡಿಯಲ್ಲಿ ನಿಂತ ಹಾಗೆ. ವಿಮಾನ ಎದ್ದಾಗಲೂ ಚಪ್ಪಾಳೆ ಬರಲಿಲ್ಲ. ಅದು ತಿರುಗಿ ಬಂದು ಚಕ್ರ ನೆಲಕ್ಕೆ ತಾಕಿ, ಬ್ರೇಕ್ ಪ್ಯಾರಾಶೂಟ್ ಬಿಚ್ಚಿಕೊಂಡ ಮೇಲೆ ಉಸಿರು ಬಿಟ್ಟೆವು. ಸುಮಾರು 18 ನಿಮಿಷ ಅಷ್ಟೇ. ಆ 18 ನಿಮಿಷ ನನಗೆ ಇವತ್ತಿಗೂ ಮುಗಿದಿಲ್ಲ.

ತಡ ಯಾಕಾಯಿತು ಅಂದರೆ, ನಾವು ಒಂದು ತಲೆಮಾರು ಬಿಟ್ಟು ಮತ್ತೆ ಶುರು ಮಾಡಿದ್ದೆವು. ಇದಕ್ಕೆ ಮುಂಚೆ ನಮ್ಮವರು ಮಾಡಿದ ಯುದ್ಧ ವಿಮಾನ ಮಾರುತ್. ಅದು ಮೊದಲು ಹಾರಿದ್ದು 1961ರಲ್ಲಿ. ಅದರ ಮೇಲೆ ಕೆಲಸ ಮಾಡಿದ ವಿನ್ಯಾಸಗಾರರೆಲ್ಲ ಎಲ್‌ಸಿಎ ಬರುವ ಹೊತ್ತಿಗೆ ವಯಸ್ಸಾಗಿ ಹೊರಗೆ ಹೋಗಿದ್ದರು. ಅಪ್ಪ ಮಗನಿಗೆ ಹೇಳಿಕೊಡುವ ಹಾಗೆ ಈ ಕೆಲಸ ಕೈಯಿಂದ ಕೈಗೆ ಹೋಗಬೇಕು. ನಡುವೆ ಇಪ್ಪತ್ತು ವರ್ಷ ಬಿಟ್ಟರೆ ಅಷ್ಟೂ ಮರೆತುಹೋಗುತ್ತದೆ.

ಇನ್ನೊಂದು, ಎಲ್ಲ ಹೊಸದನ್ನೂ ಒಂದೇ ವಿಮಾನದಲ್ಲಿ ಕಲಿಯಲು ಹೊರಟೆವು. ಹೊಸ ಆಕಾರ, ಕಾರ್ಬನ್ ಮೈ, ಫ್ಲೈ ಬೈ ವೈರ್ (ಪೈಲಟ್ ಕೈಯ ಆಜ್ಞೆ ಕಂಪ್ಯೂಟರ್ ಮೂಲಕ ತಂತಿಯಲ್ಲಿ ರೆಕ್ಕೆಗೆ ಹೋಗುವ ವ್ಯವಸ್ಥೆ), ಜೊತೆಗೆ ಹೊಸ ಎಂಜಿನ್, ಹೊಸ ರಾಡಾರ್. ಯೋಜನೆಯ ನಿರ್ದೇಶಕರಾಗಿದ್ದ ಕೋಟ ಹರಿನಾರಾಯಣ ಅವರ ತಂಡದ ಮುಂದೆ ಇದ್ದದ್ದು ಒಂದು ವಿಮಾನ ಅಲ್ಲ, ಐದಾರು ಪ್ರಯೋಗಾಲಯ ಕಟ್ಟುವ ಕೆಲಸ.

ಕಂಟ್ರೋಲ್‌ಕಡ್ಡಿ

ಫ್ಲೈ ಬೈ ವೈರ್ ಬಗ್ಗೆ ನಾನು ಬರೆಯಲಾ? ಮೈಸೂರಿನಲ್ಲಿ ಕಂಟ್ರೋಲ್ ಎಂಜಿನಿಯರಿಂಗ್ ಪಾಠ ಮಾಡುತ್ತೇನೆ. ಈ ವಿಮಾನದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಎತ್ತಿನ ಗಾಡಿಗೆ ಭಾರ ಹೇರುವುದನ್ನು ನೋಡಿದ್ದೀರಾ? ಮುಂಭಾರ ಆದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಗಾಡಿ ಮೊಂಡಾಗುತ್ತದೆ, ಆದರೆ ಮಗುಚುವುದಿಲ್ಲ. ಹಿಂಭಾರ ಆದರೆ ಮೂಕಿ ಆಕಾಶ ನೋಡುತ್ತದೆ. ಹಳೇ ಕಾಲದ ವಿಮಾನಗಳೆಲ್ಲ ಸ್ವಲ್ಪ ಮುಂಭಾರದವು. ಮೂಗು ತಾನಾಗಿ ಕೆಳಗೆ ಬಾಗುತ್ತದೆ, ಹಿಂದಿನ ಪುಟ್ಟ ರೆಕ್ಕೆ ಅದನ್ನು ಸರಿತೂಗಿಸುತ್ತದೆ. ಪೈಲಟ್ ಕೈಬಿಟ್ಟರೂ ನೇರ ಹೋಗುತ್ತದೆ. ಆದರೆ ತಟ್ಟನೆ ತಿರುಗು ಅಂದರೆ ತಿರುಗುವುದಿಲ್ಲ.

ತೇಜಸ್ ಬೇಕೆಂತಲೇ ಹಿಂಭಾರ ಮಾಡಿದ ಗಾಡಿ. ಅದಕ್ಕೆ ಹಿಂದಿನ ಪುಟ್ಟ ರೆಕ್ಕೆಯೇ ಇಲ್ಲ. ಮೂಗು ಯಾವಾಗಲೂ ಮೇಲೇಳಲು ಹೊಂಚುತ್ತಾ ಇರುತ್ತದೆ. ಅದಕ್ಕೇ ಅಷ್ಟು ಚುರುಕು. ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಗುಚಿಕೊಳ್ಳುತ್ತದೆ. ಮನುಷ್ಯನ ಕೈ ಅಷ್ಟು ಬೇಗ ಓಡುವುದಿಲ್ಲ. ಹಾಗಾಗಿ ಕಂಪ್ಯೂಟರ್ ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ಅಳೆದು, ರೆಕ್ಕೆಯ ಹಿಂದಿನ ಅಂಚನ್ನು ಚೂರು ಚೂರು ಆಡಿಸಿ, ಹಿಡಿದು ನಿಲ್ಲಿಸುತ್ತದೆ. ಈ ವ್ಯವಸ್ಥೆಯಲ್ಲಿ ನಾಲ್ಕು ಸಾಲು ಇವೆ. ನಾಲ್ಕೂ ಒಂದೇ ಲೆಕ್ಕ ಮಾಡುತ್ತವೆ. ಒಂದು ಬೇರೆ ಉತ್ತರ ಕೊಟ್ಟರೆ ಉಳಿದ ಮೂರು ಅದನ್ನು ಪಕ್ಕಕ್ಕೆ ಇಟ್ಟು ಕೆಲಸ ಮುಂದುವರಿಸುತ್ತವೆ.

ಈ ಲೆಕ್ಕಕ್ಕೆ ಕಂಟ್ರೋಲ್ ಲಾ ಅಂತ ಹೆಸರು. ಅದನ್ನು ಬರೆದ ತಂಡ 1992ರಲ್ಲಿ ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದಲ್ಲಿ ಶುರುವಾಯಿತು. ಕಂಪ್ಯೂಟರ್ ಮಾಡಿದ್ದು ಎಡಿಇ ಅನ್ನುವ ರಕ್ಷಣಾ ಸಂಶೋಧನಾ ಸಂಸ್ಥೆ. ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಜೊತೆಗಿತ್ತು. 1996ರಲ್ಲಿ ನಮ್ಮ ಲೆಕ್ಕವನ್ನು ಅಲ್ಲಿನ ಒಂದು ಎಫ್-16 ಯುದ್ಧ ವಿಮಾನಕ್ಕೆ ಹಾಕಿ ಹಾರಿಸಿ ನೋಡಿದ್ದರು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ಆಯಿತು, ಅಮೆರಿಕ ದಿಗ್ಬಂಧನ ಹಾಕಿತು. ಅಲ್ಲಿದ್ದ ನಮ್ಮ ಎಂಜಿನಿಯರುಗಳು ಜಾಗ ಖಾಲಿ ಮಾಡಬೇಕಾಯಿತು. ಅವರ ಸಾಮಾನುಗಳು ಅಲ್ಲೇ ಉಳಿದವು. ಉಳಿದ ಕೆಲಸ ಇಲ್ಲೇ ಮುಗಿಸಿದರು. ಎರಡೂವರೆ ವರ್ಷದಲ್ಲಿ ವಿಮಾನ ಹಾರಿತು.

ಇದು ಎಷ್ಟು ಕಷ್ಟದ ಕೆಲಸ ಅಂತ ತಿಳಿಯಬೇಕಾದರೆ ಸ್ವೀಡನ್ ಕಡೆ ನೋಡಿ. ಅವರ ಗ್ರಿಪೆನ್ ಕೂಡ ಇದೇ ಜಾತಿಯ, ಒಂದೇ ಎಂಜಿನ್ನಿನ ಚಿಕ್ಕ ವಿಮಾನ. ದಶಕಗಳಿಂದ ಬಿಡುವಿಲ್ಲದೆ ಯುದ್ಧ ವಿಮಾನ ಮಾಡುತ್ತಾ ಬಂದ ದೇಶ ಅದು. ಆದರೂ ನಿಯಂತ್ರಣದ ಲೆಕ್ಕ ಎಡವಿ 1989ರಲ್ಲಿ ಒಂದು, 1993ರಲ್ಲಿ ಸ್ಟಾಕ್‌ಹೋಮ್ ನಗರದ ಮೇಲೇ ಇನ್ನೊಂದು ಬಿತ್ತು. ತೇಜಸ್ ಸಾವಿರಾರು ಪರೀಕ್ಷಾ ಹಾರಾಟ ಮಾಡಿತು. 2001ರಿಂದ 23 ವರ್ಷ ಒಂದೂ ಬೀಳಲಿಲ್ಲ.

ಬಿಸಿಲೂರು

ಸರ್, ಹಾಗಾದರೆ ವಿಮಾನ ಓಡಿಸುವುದು ಪೈಲಟ್ಟೋ ಕಂಪ್ಯೂಟರೋ? ರಾಯಚೂರಿನಿಂದ ನನ್ನ ತಮ್ಮ ಎನ್‌ಡಿಎ ಪರೀಕ್ಷೆಗೆ ಓದುತ್ತಿದ್ದಾನೆ. ಅವನಿಗೂ ಇದೇ ಅನುಮಾನ.

ಕಂಟ್ರೋಲ್‌ಕಡ್ಡಿ

ಪೈಲಟ್. ಎಲ್ಲಿಗೆ ಹೋಗಬೇಕು, ಎಷ್ಟು ಬಿಗಿಯಾಗಿ ತಿರುಗಬೇಕು ಅಂತ ಅವರು ಕೈಯಲ್ಲಿ ಹೇಳುತ್ತಾರೆ. ಅದನ್ನು ವಿಮಾನದ ಮೈ ತಡೆಯುವಷ್ಟರಲ್ಲಿ ಮಾಡಿಕೊಡುವುದು ಕಂಪ್ಯೂಟರಿನ ಕೆಲಸ. ಭೂಮಿಯ ಸೆಳೆತದ ಎಂಟು ಪಟ್ಟು ಭಾರ ಬೀಳುವ ತಿರುವಿನಲ್ಲಿ ಪೈಲಟ್‌ಗೆ ತನ್ನ ತಲೆ ಎತ್ತುವುದೇ ಕಷ್ಟ. ಆಗ ರೆಕ್ಕೆ ಮುರಿಯುತ್ತಾ, ಹಾರಾಟ ನಿಂತುಹೋಗುತ್ತಾ ಅನ್ನುವ ಯೋಚನೆ ಅವರಿಗೆ ಇರಬಾರದು. ತಮ್ಮನಿಗೆ ನನ್ನ ಶುಭಾಶಯ ತಿಳಿಸಿ.

ವಿಮಾನಪುರದಹಿರಿಯ

ನನ್ನ ಕೆಲಸ ಮೈ ಮಾಡುವುದು. ಕಾರ್ಬನ್ ಕಾಂಪೋಸಿಟ್. ಅದನ್ನು ಸ್ವಲ್ಪ ಹೇಳುತ್ತೇನೆ, ಓದುವವರಿಗೆ ಬೇಜಾರಾಗದಿದ್ದರೆ.

ಕಾರ್ಬನ್ ನೂಲಿನ ಹಾಳೆ ಬರುತ್ತದೆ, ಅಂಟು ಮೊದಲೇ ಹಚ್ಚಿರುತ್ತದೆ. ಹೊರಗಿಟ್ಟರೆ ಗಟ್ಟಿಯಾಗುತ್ತದೆ ಅಂತ ಫ್ರೀಜರಿನಲ್ಲಿ ಇಡುತ್ತೇವೆ. ಬೇಕಾದಾಗ ತೆಗೆದು, ಚಳಿ ಬಿಡುವ ತನಕ ಕಾದು, ಧೂಳಿಲ್ಲದ ಕೋಣೆಯಲ್ಲಿ ಅಚ್ಚಿನ ಮೇಲೆ ಒಂದರ ಮೇಲೊಂದು ಹಾಸುತ್ತೇವೆ. ಒಂದು ಹಾಳೆಯ ನೂಲು ಉದ್ದಕ್ಕೆ, ಇನ್ನೊಂದರದು ಓರೆ, ಮತ್ತೊಂದರದು ಅಡ್ಡ. ಭಾರ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಹೆಚ್ಚು ನೂಲು. ಅಂಗೈಯಿಂದ ಒತ್ತಿ ಒತ್ತಿ ಗಾಳಿ ಗುಳ್ಳೆ ಹೊರಗೆ ಹಾಕಬೇಕು. ಆಮೇಲೆ ಚೀಲದಲ್ಲಿ ಸುತ್ತಿ, ಗಾಳಿ ಎಳೆದು, ಆಟೋಕ್ಲೇವ್ ಅನ್ನುವ ದೊಡ್ಡ ಒಲೆಗೆ ಹಾಕುತ್ತೇವೆ. ಅದು ಒತ್ತಡದಲ್ಲಿ ಬೇಯುತ್ತದೆ, ಇಡ್ಲಿ ಕುಕ್ಕರಿನ ದೊಡ್ಡಣ್ಣ ಅಂದುಕೊಳ್ಳಿ.

ಒಂದು ಸಲ ಏನಾಯಿತು ಗೊತ್ತಾ? ಪ್ರತಿ ಹಾಳೆಯ ಹಿಂದೆ ಒಂದು ತೆಳು ಕಾಗದ ಇರುತ್ತದೆ, ಹಾಸುವ ಮುಂಚೆ ಕೀಳಬೇಕು. ನಮ್ಮ ತಂಡದಲ್ಲಿ ಒಂದು ಚೂರು ಒಳಗೇ ಉಳಿದುಬಿಟ್ಟಿತು. ಬೆಂದ ಮೇಲೆ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಬೆರಳಗಲದ ಕಲೆಯಾಗಿ ಕಂಡಿತು. ವಾರಗಟ್ಟಲೆ ಮಾಡಿದ ಭಾಗ ಅಷ್ಟೂ ಹೋಯಿತು. ಯಾರೂ ಯಾರಿಗೂ ಬೈಯಲಿಲ್ಲ. ಅವತ್ತು ಸಂಜೆ ಕೂತು, ಕಿತ್ತ ಕಾಗದಗಳನ್ನು ಎಣಿಸಿ ಡಬ್ಬಕ್ಕೆ ಹಾಕುವ ಪದ್ಧತಿ ಮಾಡಿದೆವು. ಹಾಳೆ ಎಷ್ಟೋ ಕಾಗದ ಅಷ್ಟು. ನಲವತ್ತು ವರ್ಷ ಯಾಕೆ ಬೇಕಾಯಿತು ಅಂದಿರಲ್ಲ, ಅದರೊಳಗೆ ಇಂಥ ಸಂಜೆಗಳು ತುಂಬಾ ಇವೆ.

ಈಗ ತೇಜಸ್ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಕಾಂಪೋಸಿಟ್. ಹೊರಗೆ ಕೈಯಿಟ್ಟು ನೋಡಿದರೆ ನೂರಕ್ಕೆ 90ಕ್ಕೂ ಹೆಚ್ಚು ಅದೇ. ತುಕ್ಕು ಹಿಡಿಯುವುದಿಲ್ಲ, ರಿವೆಟ್ ಕಡಿಮೆ, ತೂಕ ಕಡಿಮೆ. ಖಾಲಿ ವಿಮಾನ ಆರೂವರೆ ಟನ್ ಆಸುಪಾಸಿನಲ್ಲಿ ಮುಗಿದಿದ್ದು ಇದರಿಂದಲೇ.

ಹ್ಯಾಂಗರ್‌ಹಾಸನ

ನಾನು ವಾಯುಪಡೆಯಲ್ಲಿ ಆಯುಧ ಏರಿಸುವ ಕೆಲಸದಲ್ಲಿದ್ದವನು. ಈಗ ಹಾಸನದ ಹತ್ತಿರ ಕಾಫಿ ತೋಟ ನೋಡಿಕೊಳ್ಳುತ್ತೇನೆ. ಏನೇನು ಮಾಡಬಲ್ಲದು ಅನ್ನುವ ಪ್ರಶ್ನೆಗೆ ನನ್ನ ಉತ್ತರ. ಎಲ್ಲರಿಗೂ ಗೊತ್ತಿರುವ ಸಂಗತಿ ಮಾತ್ರ ಬರೆಯುತ್ತೇನೆ.

ಹಳೇ ಕಾಲದಲ್ಲಿ ಆಕಾಶದಲ್ಲಿ ಕಾದಾಡಲು ಒಂದು ವಿಮಾನ, ನೆಲದ ಮೇಲೆ ಬಾಂಬ್ ಹಾಕಲು ಇನ್ನೊಂದು, ಫೋಟೋ ತೆಗೆಯಲು ಮತ್ತೊಂದು. ತೇಜಸ್‌ನಂಥ ಬಹುಪಾತ್ರದ ವಿಮಾನ ಅಂದರೆ ಇದೆಲ್ಲ ಒಂದರಲ್ಲೇ. ಬೆಳಗ್ಗೆ ಬಾಂಬ್ ಹೊತ್ತು ಹೋದದ್ದು ಮಧ್ಯಾಹ್ನ ಕ್ಷಿಪಣಿ ಹೊತ್ತು ಕಾವಲಿಗೆ ಹೋಗಬೇಕು. ಒಂದೇ ಹಾರಾಟದಲ್ಲೂ ಕೆಲಸ ಬದಲಿಸಬೇಕು.

ತೇಜಸ್‌ಗೆ ಆಯುಧ ತೂಗುಹಾಕುವ ಜಾಗ ಎಂಟು ಇವೆ. ಒಂದೊಂದು ರೆಕ್ಕೆಗೆ ಮೂರು, ಹೊಟ್ಟೆ ಕೆಳಗೆ ಒಂದು, ಎಡಗಡೆ ಗಾಳಿ ಬಾಯಿಯ ಕೆಳಗೆ ಒಂದು. ಆ ಕೊನೆಯದು ಗುರಿ ತೋರಿಸುವ ಲೇಸರ್ ಪಾಡ್‌ಗೆ. ಜೊತೆಗೆ 23 ಎಂಎಂ ಜೋಡಿ ಕೊಳವೆಯ ಗನ್. ಹತ್ತಿರದ ಕಾದಾಟಕ್ಕೆ ರಷ್ಯಾದ ಆರ್-73 ಮತ್ತು ಇಸ್ರೇಲಿನ ಪೈಥಾನ್-5. ಪೈಲಟ್ ಹೆಲ್ಮೆಟ್ಟಿನಲ್ಲೇ ಗುರಿ ಕಾಣುತ್ತದೆ. ತಲೆ ತಿರುಗಿಸಿ ನೋಡಿದ ಕಡೆಗೆ ಕ್ಷಿಪಣಿಯ ಕಣ್ಣೂ ತಿರುಗುತ್ತದೆ. ದೂರದ ಗುರಿಗೆ ಇಸ್ರೇಲಿನ ಡರ್ಬಿ ಇತ್ತು. 2023ರ ಆಗಸ್ಟ್ 23ರಂದು ಗೋವಾ ಕಡಲ ಮೇಲೆ ತೇಜಸ್‌ನಿಂದ ಅಸ್ತ್ರ ಅನ್ನುವ ನಮ್ಮದೇ ಕ್ಷಿಪಣಿ ಹಾರಿತು. ಕಣ್ಣಿಗೆ ಕಾಣದಷ್ಟು ದೂರದ ವಿಮಾನವನ್ನು ಹೊಡೆಯುವ ಕ್ಷಿಪಣಿ ಅದು. ನನಗೆ ಅವತ್ತು ತುಂಬಾ ಖುಷಿಯಾಯಿತು. ನಾವು ಕೈಯಲ್ಲಿ ಎತ್ತಿ ಜೋಡಿಸಿದ ಕ್ಷಿಪಣಿಗಳ ಮೇಲೆ ಯಾವಾಗಲೂ ಬೇರೆ ದೇಶದ ಅಕ್ಷರ ಇರುತ್ತಿತ್ತು.

ಮಿತಿಗಳೂ ಇವೆ. ಹೊಟ್ಟೆ ಚಿಕ್ಕದು. ಒಳಗಿನ ಇಂಧನ ಎರಡೂವರೆ ಟನ್ ಮುಟ್ಟುವುದಿಲ್ಲ. ದೂರ ಹೋಗಬೇಕಾದರೆ ಹೆಚ್ಚುವರಿ ಟ್ಯಾಂಕ್ ಬೇಕು, ಆಗ ಆಯುಧದ ಜಾಗ ಹೋಗುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಹಾರುತ್ತಲೇ ಇನ್ನೊಂದು ವಿಮಾನದಿಂದ ಇಂಧನ ತುಂಬಿಕೊಂಡ ಮೇಲೆ ಈ ತೊಂದರೆ ಸ್ವಲ್ಪ ಕಡಿಮೆಯಾಯಿತು. ವಾಯುಪಡೆಯ ದೊಡ್ಡ ಯುದ್ಧ ವಿಮಾನ ಸುಖೋಯ್ ಮಾಡುವ ಕೆಲಸವನ್ನು ಇದರಿಂದ ಕೇಳಬಾರದು. ಇದು ಗಡಿ ಹತ್ತಿರ ಬೇಗ ಎದ್ದು, ಬೇಗ ಹೊಡೆದು, ಬೇಗ ಇಳಿಯುವ ವಿಮಾನ. ಚಿಕ್ಕದಾಗಿರುವುದೂ ಒಂದು ಗುಣವೇ. ಮೈ ಕಾರ್ಬನ್ನಿನದು, ಎಂಜಿನ್ನಿನ ಮುಖ ಬಾಗಿದ ಗಾಳಿ ಕೊಳವೆಯ ಹಿಂದೆ ಅಡಗಿದೆ. ಎದುರಿನವರ ರಾಡಾರಿಗೂ ಕಣ್ಣಿಗೂ ತಡವಾಗಿ ಕಾಣುತ್ತದೆ.

ಇನ್ನು ತೇಜಸ್‌ನ ಹೊಸ ಮಾದರಿ, ಮಾರ್ಕ್-1ಎ. ಹೊರಗಿನಿಂದ ನೋಡಿದರೆ ಅದೇ ವಿಮಾನ. ಒಳಗೆ ಜಾಸ್ತಿ ಬದಲಾಗಿದೆ. ಹಳೇ ರಾಡಾರಿನ ತಟ್ಟೆ ಅತ್ತಿತ್ತ ತಿರುಗುತ್ತಿತ್ತು. ಹೊಸದು ಎಇಎಸ್‌ಎ. ತಟ್ಟೆ ತಿರುಗುವುದಿಲ್ಲ. ನೂರಾರು ಪುಟ್ಟ ಆಂಟೆನಾಗಳು ಅಲೆಯನ್ನೇ ತಿರುಗಿಸುತ್ತವೆ. ಏಕಕಾಲಕ್ಕೆ ಆಕಾಶವನ್ನೂ ನೆಲವನ್ನೂ ನೋಡಬಹುದು, ಒಂದೆರಡು ಆಂಟೆನಾ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಎದುರಾಳಿ ರಾಡಾರನ್ನು ಗುರುತಿಸಿ ಕುರುಡು ಮಾಡುವ ಸಲಕರಣೆಯೂ ಬಂದಿದೆ. ನನ್ನಂಥವರಿಗೆ ಮುಖ್ಯವಾದದ್ದು, ಮುಚ್ಚಳ ತೆಗೆದು ಭಾಗ ಬದಲಿಸುವುದು ಸುಲಭವಾಗಿದೆ. ಯುದ್ಧದ ದಿನ ವಿಮಾನ ನೆಲದ ಮೇಲೆ ಎಷ್ಟು ಹೊತ್ತು ಇರುತ್ತದೆ ಅನ್ನುವುದು ಆಕಾಶದ ವೇಗದಷ್ಟೇ ಮುಖ್ಯ. ಇದನ್ನು ಯಾರೂ ಟಿವಿಯಲ್ಲಿ ಹೇಳುವುದಿಲ್ಲ.

ಮಲೆನಾಡಮಳೆ

ಚೆನ್ನಾಗಿ ಬರೆದಿದ್ದೀರಿ ಹ್ಯಾಂಗರ್‌ಹಾಸನ. ಆದರೆ ನನ್ನ ಇನ್ನೊಂದು ಪ್ರಶ್ನೆ ನಿಮ್ಮ ಪಟ್ಟಿಯಲ್ಲೇ ಇದೆ. ರಾಡಾರ್ ಇಸ್ರೇಲ್, ಗನ್ ರಷ್ಯಾ, ಎಂಜಿನ್ ಅಮೆರಿಕ. ಮತ್ತೆ ನಮ್ಮದು ಅಂದರೆ ಏನು?

ಕಂಟ್ರೋಲ್‌ಕಡ್ಡಿ

ಅದನ್ನು ಜೋಡಿಸುವ ಬುದ್ಧಿ ನಮ್ಮದು. ಮಿಷನ್ ಕಂಪ್ಯೂಟರ್, ಹಾರಾಟದ ಕಂಪ್ಯೂಟರ್, ಅದರೊಳಗಿನ ಪ್ರತಿ ಸಾಲು ನಮ್ಮದು. ನಮ್ಮದೇ ಹೊಸ ಕ್ಷಿಪಣಿ ಹಾಕಬೇಕಾದರೆ ಬಹುಪಾಲು ಕೆಲಸ ನಾವೇ ಮಾಡಿಕೊಳ್ಳಬಹುದು. ಹೊರಗಿನಿಂದ ಕೊಂಡ ವಿಮಾನದಲ್ಲಿ ಒಂದು ತಂತಿ ಮುಟ್ಟಬೇಕಾದರೂ ಕೇಳಬೇಕು, ದುಡ್ಡು ಕೊಡಬೇಕು. ಅಸ್ತ್ರ ಹಾಕಿದ್ದು ನಮ್ಮವರೇ. ಬೆಂಗಳೂರಿನ ಎಲ್‌ಆರ್‌ಡಿಇ ಸಂಸ್ಥೆ ಮಾಡಿದ ಉತ್ತಮ್ ಎಇಎಸ್‌ಎ ರಾಡಾರನ್ನೂ ತೇಜಸ್ ಮೇಲೇ ಹಾರಿಸಿ ಪರೀಕ್ಷೆ ಮಾಡಿದ್ದಾರೆ. ಪೈಲಟ್‌ಗೆ ಉಸಿರಾಟದ ಆಮ್ಲಜನಕವನ್ನು ವಿಮಾನದಲ್ಲೇ ತಯಾರಿಸುವ ಸಲಕರಣೆ ಡೆಬೆಲ್ ಅನ್ನುವ ಸಂಸ್ಥೆಯದು, ಅದೂ ಬೆಂಗಳೂರಿನದೇ.

ಎಂಜಿನ್ ವಿಷಯ ನೀವು ಹೇಳಿದ್ದು ಸರಿ. ಅದಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ.

ವಿಮಾನಪುರದಹಿರಿಯ

ಎಂಜಿನ್ ಕಥೆ ನಾನು ಹೇಳುತ್ತೇನೆ. ಅದಕ್ಕೆ ರಸ್ತೆಯಿಂದ ಶುರು ಮಾಡಬೇಕು.

ರೆಕ್ಕೆಪುಕ್ಕ, ನೀವು ಹಳೇ ಮದ್ರಾಸ್ ರಸ್ತೆಯಿಂದ ಮನೆಗೆ ಬರುವಾಗ ಸುರಂಜನ್ ದಾಸ್ ರಸ್ತೆ ಹಿಡಿಯುತ್ತೀರಿ ಅಲ್ವಾ? ಆ ಹೆಸರು ಯಾರದು ಅಂತ ಆ ರಸ್ತೆಯಲ್ಲಿ ಕೇಳಿ ನೋಡಿ, ಹೇಳುವವರು ಕಡಿಮೆ. ಅವರು ಪರೀಕ್ಷಾ ಪೈಲಟ್. 1961ರ ಜೂನ್ 17ರಂದು ಮಾರುತ್ ವಿಮಾನವನ್ನು ಮೊದಲ ಸಲ ಹಾರಿಸಿದವರು. ಮಾರುತ್ ವಿನ್ಯಾಸ ಮಾಡಿದ್ದು ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ಮತ್ತು ಅವರ ಜೊತೆ ಕೆಲಸ ಕಲಿತ ನಮ್ಮ ಹುಡುಗರು. ಒಡಲು ಶಬ್ದಕ್ಕಿಂತ ಎರಡು ಪಟ್ಟು ವೇಗಕ್ಕೆ ಅಂತ ಯೋಚಿಸಿದ್ದು. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಚಿಕ್ಕ ಆರ್ಫಿಯಸ್ ಎಂಜಿನ್ ಎರಡು ಹಾಕಿ ಹಾರಿಸಿದರು. ಶಬ್ದದ ವೇಗದ ಅಂಚಿನಲ್ಲೇ ಅದು ಉಳಿಯಿತು. ಹಾಗಿದ್ದೂ 147 ವಿಮಾನ ಮಾಡಿದರು, 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ದಾಳಿಗೆ ಹೋಯಿತು.

ಎಂಜಿನ್ನಿನ ಶಕ್ತಿ ಹೆಚ್ಚಿಸಲು ಇಲ್ಲಿ ಪ್ರಯತ್ನ ನಡೆಯಿತು. ಆ ಮಾರ್ಪಾಡಿನ ಮಾರುತ್ ಹಾರಿಸುವಾಗ, 1970ರ ಜನವರಿ 10ರಂದು, ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ನಿಮ್ಮ ರಸ್ತೆಯ ಹೆಸರು ಅದು.

ಆ ನೋವು ನೆನಪಿದ್ದವರು ಎಲ್‌ಸಿಎ ಬಂದಾಗ ಎಂಜಿನ್ ನಾವೇ ಮಾಡಬೇಕು ಅಂದರು. 1989ರಲ್ಲಿ ಬೆಂಗಳೂರಿನ ಜಿಟಿಆರ್‌ಇ ಅನ್ನುವ ಎಂಜಿನ್ ಸಂಶೋಧನಾ ಸಂಸ್ಥೆಗೆ ಕೆಲಸ ಒಪ್ಪಿಸಿದರು. ಹೆಸರು ಕಾವೇರಿ. ಜೆಟ್ ಎಂಜಿನ್ನಿನಲ್ಲಿ ಟರ್ಬೈನ್ ಬ್ಲೇಡ್ ಅಂತ ಇರುತ್ತದೆ, ಅಂಗೈಗಿಂತ ಚಿಕ್ಕದು. ಅದರ ಸುತ್ತ ಹರಿಯುವ ಗಾಳಿಯ ಬಿಸಿ, ಆ ಬ್ಲೇಡಿನ ಲೋಹ ಕರಗುವ ಬಿಸಿಗಿಂತ ಜಾಸ್ತಿ. ಕರಗಬಾರದು ಅಂದರೆ ಒಳಗೆ ಕೂದಲೆಳೆಯ ದಾರಿ ಕೊರೆದು ತಂಪು ಗಾಳಿ ಹಾಯಿಸಬೇಕು. ಲೋಹವನ್ನು ಒಂದೇ ಹರಳಾಗಿ ಬೆಳೆಸಬೇಕು. ಅದನ್ನು ಯಾವ ದೇಶವೂ ಸುಲಭವಾಗಿ ಕಲಿಸುವುದಿಲ್ಲ. ಕಾವೇರಿ 81 ಕಿಲೋನ್ಯೂಟನ್ ತಳ್ಳಬೇಕಿತ್ತು, 70ರ ಆಸುಪಾಸಿಗೆ ಬಂತು. ತೂಕವೂ ಹೆಚ್ಚಾಯಿತು. 2008ರಲ್ಲಿ ತೇಜಸ್‌ನಿಂದ ಅದನ್ನು ಬಿಡಿಸಿದರು. 2010ರಲ್ಲಿ ರಷ್ಯಾದಲ್ಲಿ ಐಎಲ್-76 ವಿಮಾನಕ್ಕೆ ಕಟ್ಟಿ ಹಾರಿಸಿದರು, ಅದು ಚೆನ್ನಾಗೇ ಓಡಿತು. ಆದರೆ ಯುದ್ಧ ವಿಮಾನಕ್ಕೆ ಸಾಲಲಿಲ್ಲ.

ಹಾಗಾಗಿ ಇವತ್ತಿಗೂ ಜನರಲ್ ಎಲೆಕ್ಟ್ರಿಕ್‌ನ ಎಫ್404. ಸುಮಾರು 84 ಕಿಲೋನ್ಯೂಟನ್. ಒಳ್ಳೇ ಎಂಜಿನ್, ನಂಬಿಕಸ್ಥ. ಆದರೆ ಅದು ಬರುವ ತನಕ ವಿಮಾನ ಕಾಯಬೇಕು. ಮಾರ್ಕ್-1ಎಗೆ 2021ರಲ್ಲಿ 99 ಎಂಜಿನ್ ಕೇಳಿದರು, ಮೊದಲನೆಯದು ಬಂದಿದ್ದು 2025ರ ಮಾರ್ಚ್‌ನಲ್ಲಿ. ಮಾರುತ್‌ಗೆ ಆಗಿದ್ದೇ ಮತ್ತೆ ಆಗುತ್ತಿದೆ ಅನ್ನಿಸಿ ನನಗೆ ಸಂಕಟವಾಗುತ್ತದೆ. ಕಾವೇರಿಯನ್ನು ಸೋಲು ಅಂತ ಮೂಲೆಗಿಡಬಾರದು. ಎಷ್ಟೇ ತಡವಾಗಲಿ, ದುಡ್ಡು ಎಷ್ಟೇ ಬೀಳಲಿ, ಹಿಡಿದ ಕೆಲಸ ಬಿಡಬಾರದು. ಬಿಟ್ಟರೆ ಏನಾಗುತ್ತದೆ ಅಂತ ನಾನು ಒಂದು ಸಲ ನೋಡಿದ್ದೇನೆ.

ಮಲೆನಾಡಮಳೆ

ಹಿರಿಯರೇ, ಸುರಂಜನ್ ದಾಸ್ ವಿಷಯ ನನಗೆ ಗೊತ್ತಿರಲಿಲ್ಲ. ನಾನೇ ಆ ರಸ್ತೆಯಲ್ಲಿ ನೂರಾರು ಸಲ ಓಡಾಡಿದ್ದೇನೆ.

ಕಲಿಯಲು ಹಿಡಿದ ಸಮಯವನ್ನು ಒಪ್ಪುತ್ತೇನೆ. ಆದರೆ ಕಲಿತ ಮೇಲೆ ಮಾಡುವ ವೇಗ? 2021ರಲ್ಲಿ 83 ವಿಮಾನಕ್ಕೆ ಒಪ್ಪಂದ, 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97ಕ್ಕೆ, 62,370 ಕೋಟಿ ರೂಪಾಯಿ. ಒಟ್ಟು 180. ಮಾರ್ಕ್-1ಎ 2024ರ ಮಾರ್ಚ್ 28ರಂದು ಮೊದಲು ಹಾರಿತು. ಆ ಹೊತ್ತಿಗೆ ವಾಯುಪಡೆಗೆ ಕೊಡಲು ಶುರು ಮಾಡಬೇಕಿತ್ತು. ನಾಸಿಕ್‌ನಲ್ಲಿ ಹೊಸ ಘಟಕ ತೆರೆದು ವರ್ಷಕ್ಕೆ 24 ಮಾಡುತ್ತೇವೆ ಅಂದಿದ್ದಾರೆ. ಆಗಲಿ. ಹಾಗೆ ಲೆಕ್ಕ ಹಾಕಿದರೂ 180ಕ್ಕೆ ಏಳೂವರೆ ವರ್ಷ. ಅಷ್ಟರಲ್ಲಿ ಜಾಗ್ವಾರ್, ಹಳೇ ಮಿರಾಜ್ ಕೂಡ ಮುದಿಯಾಗುತ್ತವೆ. ನನ್ನ ಬೇಡಿಕೆ ಇಷ್ಟೇ. ಮುಂದೆ ಮಾಡಬೇಕೆಂದಿರುವ ಮಾರ್ಕ್-2, ಎಎಂಸಿಎ ಯುದ್ಧ ವಿಮಾನಗಳ ಬಗ್ಗೆ ಮಾತಾಡುವ ಮುಂಚೆ, ಹೇಳಿದ ದಿನಕ್ಕೆ ಹೇಳಿದಷ್ಟು ವಿಮಾನ ಕೊಡಿ.

ಹ್ಯಾಂಗರ್‌ಹಾಸನ

ಇದಕ್ಕೆ ನನ್ನದೂ ಒಂದು ಸಹಿ ಹಾಕಿ. ಸ್ಕ್ವಾಡ್ರನ್‌ನಲ್ಲಿ ಇರುವವರು ಕೇಳುವುದೂ ಅದನ್ನೇ.

ಮೊದಲ ಎರಡು ತೇಜಸ್ ಸ್ಕ್ವಾಡ್ರನ್ ನಂಬರ್ ಗೊತ್ತಲ್ಲ, 45 ಮತ್ತು 18. 45ನೆಯದು ಮೊದಲು ಮಿಗ್-21 ಸ್ಕ್ವಾಡ್ರನ್. 18ನೆಯದು ನ್ಯಾಟ್ ಹಾರಿಸುತ್ತಿತ್ತು. ವಾಯುಪಡೆಯ ಏಕೈಕ ಪರಮವೀರ ಚಕ್ರ ಪಡೆದ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರ ಸ್ಕ್ವಾಡ್ರನ್ ಅದು. ನ್ಯಾಟ್ ಕೂಡ ಪುಟ್ಟ ವಿಮಾನ, ಅದನ್ನೂ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಮಾಡುತ್ತಿದ್ದರು. ಪುಟ್ಟ ವಿಮಾನ ಅಂತ ಹಗುರವಾಗಿ ನೋಡಬೇಡಿ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು.

ಬಿಸಿಲೂರು

ದುಬೈ ವಿಷಯ ಯಾರೂ ಎತ್ತಲಿಲ್ಲ. ಕೇಳಬಹುದಾ? ತಮ್ಮ ಆ ವಿಡಿಯೋ ನೋಡಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹ್ಯಾಂಗರ್‌ಹಾಸನ

ಕೇಳಬೇಕು. 2025ರ ನವೆಂಬರ್ 21ರಂದು ದುಬೈ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ಬಿತ್ತು, ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡರು. ಅದಕ್ಕೆ ಮುಂಚೆ 2024ರ ಮಾರ್ಚ್ 12ರಂದು ಜೈಸಲ್ಮೇರ್ ಹತ್ತಿರ ಒಂದು ಬಿದ್ದಿತ್ತು, ಆಗ ಪೈಲಟ್ ಹಾರಿ ಪಾರಾದರು. ದುಬೈನಲ್ಲಿ ಏನಾಯಿತು ಅಂತ ವಿಡಿಯೋ ನೋಡಿ ತೀರ್ಪು ಕೊಡುವವರ ಮಾತು ಕೇಳಬೇಡಿ. ನೆಲಕ್ಕೆ ಅಷ್ಟು ಹತ್ತಿರದಲ್ಲಿ ಮಾಡುವ ಪ್ರದರ್ಶನದಲ್ಲಿ ತಪ್ಪಿಗೆ ಜಾಗ ಇರುವುದಿಲ್ಲ. ನಾವು ಹ್ಯಾಂಗರಿನಲ್ಲಿ ಪೈಲಟ್ ಏಣಿ ಹತ್ತುವಾಗ ಬೆಲ್ಟ್ ಬಿಗಿದು, ಹೆಗಲು ತಟ್ಟಿ ಇಳಿಯುತ್ತಿದ್ದೆವು. ಅವರು ವಾಪಸ್ ಬರುವ ತನಕ ಏಣಿ ಅಲ್ಲೇ ಇರುತ್ತಿತ್ತು. ಅವತ್ತು ಏಣಿ ಹಿಡಿದಿದ್ದವರ ನೆನಪಾಗುತ್ತದೆ ನನಗೆ. ತಮ್ಮನಿಗೆ ಹೇಳಿ, ಹೆದರಿಕೆ ಆಗುವುದು ತಪ್ಪಲ್ಲ. ಓದುವುದು ಬಿಡಬೇಡ ಅಂತ ಹೇಳಿ.

ಇಸಾರ್‌ತೀರ

ತಡವಾಗಿ ಸೇರಿಕೊಂಡೆ. ಧಾರವಾಡದವಳು, ಈಗ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ಷ್ಲೈಸ್‌ಹೈಮ್ ಅನ್ನುವ ಊರಲ್ಲಿ ಡಾಯ್ಚಸ್ ಮ್ಯೂಸಿಯಂನವರ ವಿಮಾನ ಸಂಗ್ರಹ ಇದೆ. ಮಗನನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಹೋದರೆ ನಮ್ಮ ವಾಯುಪಡೆಯ ಕೇಸರಿ, ಬಿಳಿ, ಹಸಿರು ಗುರುತು! ಅದು ಮಾರುತ್. ಕುರ್ಟ್ ಟ್ಯಾಂಕ್ ಕೆಲಸ ಅಂತ ಇಟ್ಟಿದ್ದಾರೆ. ಅಷ್ಟು ದೂರದಲ್ಲಿ ಬೆಂಗಳೂರಿನಲ್ಲಿ ಮಾಡಿದ ವಿಮಾನ ಕಂಡಾಗ ನನಗೆ ಮಾತೇ ಹೊರಡಲಿಲ್ಲ. ಸುರಂಜನ್ ದಾಸ್ ಅವರ ಕಥೆ ಇವತ್ತು ಇಲ್ಲಿ ಓದಿ ಮಗನಿಗೆ ಹೇಳಿದೆ. ಮತ್ತೆ ಹೋಗೋಣ ಅಂದಿದ್ದಾನೆ.

ರೆಕ್ಕೆಪುಕ್ಕ

ಎಲ್ಲರಿಗೂ ತುಂಬಾ ಧನ್ಯವಾದ. ಇಸಾರ್‌ತೀರ ಅವರು ಬರೆದದ್ದು ಓದಿ ಇಲ್ಲಿ ಮಾರುತ್ ಎಲ್ಲಿದೆ ಅಂತ ಹುಡುಕಿದೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲೇ ಇದೆ. ಭಾನುವಾರ ಹೋಗಿ ನೋಡಿ ಬಂದೆ. ಶಾಲೆ ಮಕ್ಕಳು ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಮುಂದಿನಿಂದ ಎಷ್ಟೋ ಹೊತ್ತು ನೋಡುತ್ತಾ ನಿಂತೆ. ಎಷ್ಟು ಚೂಪಾದ, ಚೆಂದದ ಮೂಗು! ವಾಪಸ್ ಬರುವಾಗ ಸುರಂಜನ್ ದಾಸ್ ರಸ್ತೆಯ ಫಲಕದ ಹತ್ತಿರ ಗಾಡಿ ನಿಲ್ಲಿಸಿ ಆ ಹೆಸರು ಓದಿಕೊಂಡೆ.

ವಿಮಾನಪುರದಹಿರಿಯ

ಸಂತೋಷ ಆಯಿತು. ಮುಂದಿನ ಸಲ ಹೋದಾಗ ಹಿಂದಿನಿಂದಲೂ ನೋಡಿ. ಮೊದಲು ಪಕ್ಕಕ್ಕೆ ನಿಂತು ಮೈ ಎಷ್ಟು ಉದ್ದ ಇದೆ ಅಂತ ಕಣ್ಣಲ್ಲೇ ಅಳೆಯಿರಿ, ತೇಜಸ್‌ಗಿಂತ ಎರಡೂವರೆ ಮೀಟರಿಗೂ ಜಾಸ್ತಿ. ಆಮೇಲೆ ಬಾಲದ ಕಡೆ ಬಂದು ಆ ಎರಡು ಎಂಜಿನ್ನಿನ ಬಾಯಿ ನೋಡಿ, ಎಷ್ಟು ಚಿಕ್ಕದು ಅಂತ.